ಗಾಜಿನ ಮೇಲೊಂದು ಗುರುತು

ಶಿರಸಿ ಜಾತ್ರೆಯಲ್ಲಿ ಕೊಂಡ ಬಳೆ ಒಡೆದರೆ ಚಿಕ್ಕಂದಿನಲ್ಲಿ ನಾವು ಚೂರುಗಳನ್ನು ಎಸೆಯುತ್ತಿರಲಿಲ್ಲ. ಚಿಮಣಿ ದೀಪದ ಉರಿಗೆ ಹಿಡಿದು, ಮೆತ್ತಗಾದಾಗ ಬಗ್ಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಸರ ಮಾಡುತ್ತಿದ್ದೆವು. ಗಾಜು ಮಂಜುಗಡ್ಡೆಯ ಹಾಗೆ ಒಮ್ಮೆಲೇ ಕರಗುವುದಿಲ್ಲ. ಗಟ್ಟಿಯಾದ ಜೋನಿ ಬೆಲ್ಲದ ಹಾಗೆ ಬಿಸಿ ಏರಿದಂತೆ ಸಡಿಲವಾಗುತ್ತದೆ. ಅದನ್ನು ನಾನು ಕಲಿತದ್ದು ಆ ದೀಪದ ಮುಂದೆಯೇ.

ಈಗ ಕಾರವಾರದಲ್ಲಿ ನಾವು ಆರು ಮಂದಿ ಸೇರಿ ಒಂದು ಕರೆಂಟಿನ ಭಟ್ಟಿ ಇಟ್ಟುಕೊಂಡಿದ್ದೇವೆ. ಬಣ್ಣದ ಗಾಜಿನ ತುಂಡುಗಳನ್ನು ಜೋಡಿಸಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಎಲ್ಲ ಬೆಸೆದು ಒಂದೇ ಹಾಳೆಯಾಗುತ್ತದೆ. 750ರ ಆಸುಪಾಸಿನಲ್ಲಿ ನಿಲ್ಲಿಸಿದರೆ ತುಂಡುಗಳು ಅಂಟಿಕೊಳ್ಳುತ್ತವೆ, ಉಬ್ಬು ಮಾತ್ರ ಹಾಗೇ ಉಳಿಯುತ್ತದೆ.

ಭಟ್ಟಿ ಹಂಚಿಕೊಳ್ಳುವುದು ಸುಲಭ, ಗಾಜು ಹಂಚಿಕೊಳ್ಳುವುದೇ ಕಷ್ಟ. ಮೊದಲೆಲ್ಲ ಉಳಿದ ಚೂರುಗಳನ್ನು ಎಲ್ಲರೂ ಒಂದೇ ಡಬ್ಬಿಗೆ ಹಾಕುತ್ತಿದ್ದೆವು. ಅದರಿಂದ ಒಂದು ನೀಲಿ ಚೂರು ತೆಗೆದು ನನ್ನ ತಟ್ಟೆಯ ನಡುವೆ ಇಟ್ಟೆ. ತಟ್ಟೆ ಚೆನ್ನಾಗಿಯೇ ಬಂತು. ಮೂರನೇ ದಿನ ರಾತ್ರಿ ಟಣ್ ಅಂತ ಸದ್ದು. ಯಾರೂ ಮುಟ್ಟಿರದ ತಟ್ಟೆಯಲ್ಲಿ, ನೀಲಿ ಚೂರಿನ ಅಂಚನ್ನೇ ಸುತ್ತಿಕೊಂಡು ಬಿರುಕು ಹರಿದಿತ್ತು.

ಬೆಸೆಯುವ ಗಾಜಿನಲ್ಲಿ 90 ಮತ್ತು 96 ಎಂಬ ಎರಡು ಬಗೆ ಜಾಸ್ತಿ ಬಳಕೆಯಲ್ಲಿವೆ. 90 ಅಂದರೆ, ಒಂದು ಡಿಗ್ರಿ ಬಿಸಿಗೆ ಆ ಗಾಜು ತನ್ನ ಉದ್ದದ ಕೋಟಿಯಲ್ಲಿ 90 ಪಾಲು ಹಿಗ್ಗುತ್ತದೆ. ತಣಿದಾಗ ಅಷ್ಟೇ ಕುಗ್ಗುತ್ತದೆ. 90ರದೊಂದು, 96ರದೊಂದು, ಹೀಗೆ 20 ಸೆಂ.ಮೀ. ಉದ್ದದ ಎರಡು ಪಟ್ಟಿಗಳು 500 ಡಿಗ್ರಿಯಿಂದ 30ಕ್ಕೆ ಇಳಿದವು ಅಂತಿಟ್ಟುಕೊಳ್ಳಿ. ಒಂದು ಅಂದಾಜು 0.85 ಮಿ.ಮೀ. ಕುಗ್ಗಿದರೆ ಇನ್ನೊಂದು 0.90 ಮಿ.ಮೀ. ವ್ಯತ್ಯಾಸ ಒಂದು ಕೂದಲೆಳೆಯ ದಪ್ಪದಷ್ಟು, ಅಷ್ಟೇ ಅಲ್ವಾ? ಆದರೆ ಎರಡೂ ಬೆಸೆದುಕೊಂಡಿವೆ, ಬಿಟ್ಟುಕೊಡಲು ಜಾಗವಿಲ್ಲ. ಗಾಜು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ.

ಕಿಟಕಿ ಗಾಜು ಅಗ್ಗ, ಊರಲ್ಲೇ ಸಿಗುತ್ತದೆ. ಅದರ ಹಿಗ್ಗುವಿಕೆಯೇ ಬೇರೆ. ಅದನ್ನು ಅದರ ಜೊತೆಗಷ್ಟೇ ಬೆಸೆಯಬೇಕು, ಅದೂ ಒಂದೇ ಹಾಳೆಯಿಂದ ಕತ್ತರಿಸಿದ್ದಾದರೆ ಒಳ್ಳೆಯದು.

ಇಲ್ಲಿಯ ಮಳೆಗಾಲ ಇನ್ನೊಂದು ಪಾಠ ಕಲಿಸಿತು. ಗಾಜು ಭಟ್ಟಿಯ ಹಲಗೆಗೆ ಅಂಟಬಾರದೆಂದು ಅಲ್ಯುಮಿನಾ ಮತ್ತು ಚೀನಾ ಮಣ್ಣು ಕಲಸಿದ ತೆಳು ಲೇಪ ಬಳಿಯುತ್ತೇವೆ. ಜೂನ್‌ನಲ್ಲಿ ಅದು ಒಣಗುವುದೇ ಇಲ್ಲ. ಹಸಿ ಉಳಿದರೆ ಆವಿ ಮೇಲೆದ್ದು ಗಾಜಿನಲ್ಲಿ ಗುಳ್ಳೆ ಬರುತ್ತದೆ. ಹಾಗಾಗಿ ಬರೀ ಹಲಗೆಯನ್ನೇ ಮೊದಲು 260 ಡಿಗ್ರಿಯವರೆಗೆ ಕಾಯಿಸಿಕೊಳ್ಳುತ್ತೇವೆ. ಹಳೇ ಲೇಪ ಕೆರೆಯುವಾಗ ಮಾಸ್ಕ್ ಬೇಕೇ ಬೇಕು. ಆ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಈಗ ಪ್ರತಿ ಹಾಳೆಯ ಮೂಲೆಯಲ್ಲೂ ಮಾರ್ಕರಿನಿಂದ 90 ಅಥವಾ 96 ಎಂದು ಬರೆಯುತ್ತೇವೆ. ಕತ್ತರಿಸಿದಾಗ ಉಳಿದ ತುಂಡಿನ ಮೇಲೆ ಮತ್ತೆ ಬರೆಯುತ್ತೇವೆ. ಗುರುತಿಲ್ಲದ್ದು ಎಷ್ಟೇ ಚೆಂದವಿದ್ದರೂ ಬೇರೆ ಡಬ್ಬಿಗೆ. ಅದರ ಒಂದು ಚೂರನ್ನು ನಮ್ಮ ಪಾರದರ್ಶಕ ಗಾಜಿನ ಪಟ್ಟಿಯ ಮೇಲೆ ಬೆಸೆದು, ನಿಧಾನವಾಗಿ ತಣಿಸಿ, ಎರಡು ಪೋಲರಾಯ್ಡ್ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪ್ಲಾಸ್ಟಿಕ್ ಹಾಳೆಗಳ) ನಡುವೆ ಹಿಡಿಯುತ್ತೇವೆ. ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿ ತಿರುಗಿಸಿದರೆ ಎಲ್ಲ ಕಪ್ಪಾಗುತ್ತದೆ. ಗಾಜಿನೊಳಗೆ ಎಳೆತವಿದ್ದ ಕಡೆ ಮಾತ್ರ ಬೆಳಕು ತೂರಿ ಬರುತ್ತದೆ. ಒಡೆದ ತಟ್ಟೆಯಿಂದ ಉಳಿಸಿಕೊಂಡಿದ್ದ ನೀಲಿ ಚೂರನ್ನೂ ಹಾಗೆ ನೋಡಿದೆ. ಅದರ ಅಂಚಿನ ಸುತ್ತ ಬಿಳಿ ಬೆಳಕಿನ ಬಳೆ ಮೂಡಿತ್ತು.