ಲಂಡನ್‌ನಲ್ಲಿ ಬ್ಯಾಂಕಿಂಗ್ ಲಾ ಎಲ್‌ಎಲ್‌ಎಂ ಮಾಡಿದರೆ ಅಲ್ಲೇ ಸಾಲಿಸಿಟರ್ ಆಗಬಹುದೇ?

ಪ್ರಶ್ನೆ: ಬೆಂಗಳೂರಿನಲ್ಲಿ ಐದು ವರ್ಷದ ಕಾನೂನು ಪದವಿ ಮುಗಿಸಿ, ಸನ್ನದು ಪಡೆದು ಎರಡು ವರ್ಷವಾಯಿತು. ಲಂಡನ್‌ನಲ್ಲಿ ಬ್ಯಾಂಕಿಂಗ್ ಮತ್ತು ಫೈನಾನ್ಸ್ ಲಾ ಎಲ್‌ಎಲ್‌ಎಂ ಮಾಡಿದರೆ ಅಲ್ಲೇ ಸಾಲಿಸಿಟರ್ ಆಗಬಹುದೇ?

ಉತ್ತರ: ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಒಂದರಿಂದಲೇ ಆಗದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗಲು ಎಸ್‌ಕ್ಯೂಇ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಎಲ್‌ಎಲ್‌ಎಂ ಬೇಕೆಂಬ ನಿಯಮವೇ ಇಲ್ಲ. ಮೊದಲ ಹಂತ 360 ಬಹುಆಯ್ಕೆ ಪ್ರಶ್ನೆ. ಇದನ್ನು ಭಾರತದಲ್ಲೇ ಕೂತು ಬರೆಯಬಹುದು. ಎರಡನೇ ಹಂತದಲ್ಲಿ ಕಕ್ಷಿದಾರರ ಸಂದರ್ಶನ, ವಾದ ಮಂಡನೆ, ಕರಡು ಬರೆಯುವುದು ಎಲ್ಲ ಇದೆ. ಮೌಖಿಕ ಭಾಗಕ್ಕೆ ಅಲ್ಲಿಗೇ ಹೋಗಬೇಕು. ಹೊಸಬರಿಗೆ ಕಡ್ಡಾಯವಾದ ಎರಡು ವರ್ಷದ ಕೆಲಸದ ಅನುಭವ ಸನ್ನದು ಇರುವ ನಿಮಗೆ ಬೇಕಿಲ್ಲ. ಎರಡು ವರ್ಷ ವಕೀಲಿಕೆ ನಡೆಸಿದ್ದಕ್ಕೆ ದಾಖಲೆಯಿದ್ದರೆ ಎರಡನೇ ಹಂತದಿಂದಲೂ ವಿನಾಯಿತಿ ಕೇಳಬಹುದು. ಬರೀ ಸಾಲಿಸಿಟರ್ ಅನ್ನಿಸಿಕೊಳ್ಳುವುದೇ ಗುರಿಯಾದರೆ ಎಲ್‌ಎಲ್‌ಎಂ ಶುಲ್ಕ ದಂಡ.

ಈ ಗೊಂದಲಕ್ಕೆ ಅಮೆರಿಕದ ನಿಯಮವೂ ಒಂದು ಕಾರಣ. ನ್ಯೂಯಾರ್ಕ್‌ನಲ್ಲಿ ಕನಿಷ್ಠ 24 ಕ್ರೆಡಿಟ್‌ನ, ನಿಗದಿತ ವಿಷಯಗಳಿರುವ ಎಲ್‌ಎಲ್‌ಎಂ ಓದಿದ ಕೆಲವು ವಿದೇಶಿ ಪದವೀಧರರು ಅಲ್ಲಿ ವಕೀಲರಾಗಲು ಬರೆಯುವ ಬಾರ್ ಪರೀಕ್ಷೆಗೆ ಅರ್ಹರಾಗುತ್ತಾರೆ. ಲಂಡನ್‌ಗೆ ಆ ಲೆಕ್ಕ ಹೊಂದದು.

ಹಾಗಾದರೆ ಓದುವುದು ಯಾಕೆ? ವಿಷಯಕ್ಕಾಗಿ. ಬ್ಯಾಂಕುಗಳು ಸಾಲ ವಸೂಲಿಗೆ ಬಳಸುವ ನಮ್ಮ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಕೊಟ್ಟು 60 ದಿನ ಎಣಿಸಿ ರೂಢಿಯಿದ್ದವರಿಗೆ ಅಲ್ಲಿ ಬೇರೆಯದೇ ಲೋಕ. ಒಂದು ಉದಾಹರಣೆ ನೋಡಿ. 2005ರ ಸ್ಪೆಕ್ಟ್ರಮ್ ಪ್ಲಸ್ ಪ್ರಕರಣದಲ್ಲಿ ಕಂಪನಿಗೆ ಗಿರಾಕಿಗಳಿಂದ ಬರಬೇಕಾದ ಬಾಕಿಯ ಮೇಲೆ ಬ್ಯಾಂಕ್ ‘ಫಿಕ್ಸೆಡ್ ಚಾರ್ಜ್’ (ಬ್ಯಾಂಕಿನ ಒಪ್ಪಿಗೆಯಿಲ್ಲದೆ ಕಂಪನಿ ಮುಟ್ಟಲಾಗದ ಭದ್ರತೆ) ಎಂದು ಬರೆಸಿಕೊಂಡಿತ್ತು. ಆದರೆ ಖಾತೆಗೆ ಬಂದ ಆ ಹಣವನ್ನು ಕಂಪನಿ ಬೇಕೆಂದಾಗ ತೆಗೆದು ಬಳಸುತ್ತಿತ್ತು. ಹಣ ಬಳಸಲು ಕಂಪನಿಗೆ ಬಿಡುವಿದ್ದ ಮೇಲೆ ಅದು ‘ಫ್ಲೋಟಿಂಗ್ ಚಾರ್ಜ್’ (ಕಂಪನಿ ಬಳಸುತ್ತಲೇ ಇರುವ ಆಸ್ತಿಯ ಮೇಲಿನ ಸಡಿಲ ಭದ್ರತೆ) ಎಂದೇ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಪರಿಣಾಮ: ಕಂಪನಿ ಮುಳುಗಿದಾಗ ಆ ಹಣದಲ್ಲಿ ಕಾನೂನು ಆದ್ಯತೆ ಕೊಟ್ಟ ಬೇರೆ ಸಾಲದಾತರು ಬ್ಯಾಂಕಿಗಿಂತ ಮುಂದೆ ನಿಂತರು. ಕರಡಿನಲ್ಲಿ ಹಾಕಿದ ಹೆಸರು ಸಾಲದು, ಖಾತೆಯ ಬೀಗದ ಕೈ ಯಾರ ಹತ್ತಿರ ಎಂದು ನೋಡುವುದನ್ನು ಈ ಓದು ಕಲಿಸುತ್ತದೆ.

ಕೋರ್ಸ್ ಒಂದು ವರ್ಷ, 180 ಕ್ರೆಡಿಟ್; ಪ್ರಬಂಧವೂ ಸೇರಿದರೆ ಸಮಯ ಸಿಗುವುದೇ ಇಲ್ಲ. ಪದವಿಯ ಹೆಸರಿಗಿಂತ ಆ ವರ್ಷ ನಿಜಕ್ಕೂ ನಡೆಯುವ ವಿಷಯಗಳ ಪಟ್ಟಿ ಮುಖ್ಯ. ಸಿಂಡಿಕೇಟೆಡ್ ಸಾಲ (ಹಲವು ಬ್ಯಾಂಕುಗಳು ಸೇರಿ ಕೊಡುವ ಸಾಲ), ಡಿರೈವೇಟಿವ್ಸ್ (ಬಡ್ಡಿ, ವಿನಿಮಯ ದರದಂಥವುಗಳ ಏರಿಳಿತಕ್ಕೆ ಕಟ್ಟಿದ ಒಪ್ಪಂದಗಳು; ಅವಕ್ಕೆ ಬಳಸುವ ಮಾದರಿ ಕರಾರು ಇಸ್ಡಾ ಮಾಸ್ಟರ್ ಅಗ್ರಿಮೆಂಟ್), ದಿವಾಳಿತನ ಈ ಮೂರೂ ಇವೆಯೇ ನೋಡಿ. ಇಂಥ ಒಪ್ಪಂದಗಳಲ್ಲಿ ಇಬ್ಬರ ಪರಸ್ಪರ ಬಾಕಿ ವಜಾ ಮಾಡಿ ಉಳಿದದ್ದನ್ನಷ್ಟೇ ತೀರಿಸುವ ದ್ವಿಪಕ್ಷೀಯ ನೆಟ್ಟಿಂಗ್‌ಗೆ ಭಾರತ 2020ರಲ್ಲೇ ಕಾಯ್ದೆ ತಂದಿರುವುದರಿಂದ ಡಿರೈವೇಟಿವ್ಸ್ ಓದು ಊರಿಗೆ ಮರಳಿದರೂ ಕೈಬಿಡದು.

ಓದು ಮುಗಿದ ಮೇಲೆ ಅಲ್ಲೇ ಕೆಲಸ ಹುಡುಕಲು ಗ್ರಾಜುಯೇಟ್ ವೀಸಾ ಇದೆ. ಆದರೆ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷದ ಬದಲು 18 ತಿಂಗಳಷ್ಟೇ.

ಕೊನೆಗೆ, ವಿದ್ಯಾರ್ಥಿ ವೀಸಾ ಎಡವುವ ಜಾಗ. ಕಟ್ಟಲು ಬಾಕಿಯಿರುವ ಶುಲ್ಕದ ಜೊತೆ ಲಂಡನ್ ಖರ್ಚಿಗೆಂದು ತಿಂಗಳಿಗೆ 1,529 ಪೌಂಡ್‌ನಂತೆ 9 ತಿಂಗಳಿಗೆ 13,761 ಪೌಂಡ್ ತೋರಿಸಬೇಕು (2025ರ ನವೆಂಬರ್‌ನಿಂದ ಬಂದ ದರ). ಈ ಮೊತ್ತ ಸತತ 28 ದಿನ ಖಾತೆಯಲ್ಲಿ ಇರಬೇಕು. ಮಧ್ಯೆ ಒಂದು ದಿನ ಇಎಂಐ ಕಡಿತವಾಗಿ ಮಟ್ಟ ಇಳಿದರೂ ಅರ್ಜಿ ಬೀಳುತ್ತದೆ. ರೂಪಾಯಿ ಕುಸಿದರೆ ಪೌಂಡ್ ಲೆಕ್ಕ ತಪ್ಪುತ್ತದೆ, ಹಾಗಾಗಿ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಹಣ ತಂದೆಯ ಖಾತೆಯಲ್ಲಿದ್ದರೆ ಅವರ ಒಪ್ಪಿಗೆ ಪತ್ರ ಮತ್ತು ನಿಮ್ಮ ಜನನ ಪ್ರಮಾಣಪತ್ರ ಬೇಕು. ಹಳೆಯ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಅಥವಾ ಬರೀ ಇನಿಷಿಯಲ್ ಇದ್ದು ಪಾಸ್‌ಪೋರ್ಟ್‌ನಲ್ಲಿ ಅದೇ ಪೂರ್ತಿ ಹೆಸರಾಗಿರುವುದು ನಮ್ಮ ಕಡೆ ಸಾಮಾನ್ಯ. ಅದನ್ನು ಸರಿಪಡಿಸಲು ಓಡಾಡಬೇಕಾಗುತ್ತದೆ. ವೀಸಾ ಅರ್ಜಿ ತುಂಬುವ ವಾರ ನೋಡಿದರಾಯಿತು ಅಂದುಕೊಳ್ಳಬೇಡಿ.