ಡಬ್ಬದ ಮಾವು ಮಾವಿನಂತೆ ಯಾಕಿಲ್ಲ?

ಡಬ್ಬದ ಮಾವಿನ ರಸದಲ್ಲಿ ಸೀಕರಣೆ ಮಾಡಿದವರ ದೂರು ಈಚೆಗೆ ಒಂದೇ ತೆರನಾಗಿದೆ. ಬಣ್ಣ ಇದೆ, ಸಿಹಿ ಇದೆ, ಹಣ್ಣು ಎಲ್ಲಿ? ಹಾಲು ಬೆರೆಸಿದ ಕೂಡಲೇ ಪರಿಮಳ ಮಾಯ. ಏಲಕ್ಕಿ ಹಾಕಿದರೆ ಏಲಕ್ಕಿಯ ವಾಸನೆಯೊಂದೇ ಉಳಿಯುತ್ತದೆ. ಅಮೆರಿಕದಲ್ಲೋ ಗಲ್ಫ್‌ನಲ್ಲೋ ಇರುವ ಕನ್ನಡಿಗರಿಗೆ ವರ್ಷದ ಹೆಚ್ಚಿನ ತಿಂಗಳು ಮಾವು ಅಂದರೆ ಇಂಡಿಯನ್ ಅಂಗಡಿಯ 850 ಗ್ರಾಂ ಡಬ್ಬವೇ. ಹಾಗಾಗಿ ನಿರಾಸೆಯೂ ಅಲ್ಲೇ ಹೆಚ್ಚು.

ಬೈಗುಳವೆಲ್ಲ ಬೀಳುವುದು ‘ಪ್ರಿಸರ್ವೇಟಿವ್’ ಮೇಲೆ. ಅದು ಗುರಿ ತಪ್ಪಿದ ಏಟು. ಸರಿಯಾಗಿ ಮುಚ್ಚಿ, ಸರಿಯಾಗಿ ಕಾಯಿಸಿದ ಡಬ್ಬಕ್ಕೆ ಸಂರಕ್ಷಕ ಬೇಕೇ ಇಲ್ಲ, ಶಾಖವೇ ಅದನ್ನು ಕಾಯುತ್ತದೆ. ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದ ವಿಧಾನದ ತಿರುಳು ಇದು, ಇವತ್ತಿಗೂ ಬದಲಾಗಿಲ್ಲ. ಎಡವಟ್ಟು ಆಗುವುದು ಮುಚ್ಚಳ ಬೀಳುವುದಕ್ಕೆ ಮುಂಚೆ, ಒಳಗೆ ಏನು ಸುರಿಯುತ್ತಾರೆ ಅನ್ನುವಲ್ಲಿ. ನಮ್ಮ ಕಾನೂನು ಡಬ್ಬ ವಿಷವಾಗದಂತೆ ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ರುಚಿಯನ್ನು ನೋಡಿಕೊಳ್ಳುವವರು ಮಾತ್ರ ಯಾರೂ ಇಲ್ಲ.

ಮಾವಿನ ಡಬ್ಬದ ದಾರಿ ಹೀಗೆ. ನಮ್ಮ ಬಾದಾಮಿ ಅಂದರೆ ಉತ್ತರದ ಕಡೆಯವರ ಆಪೂಸು, ಇಲ್ಲವೇ ಶ್ರೀನಿವಾಸಪುರ, ಕೃಷ್ಣಗಿರಿ, ಚಿತ್ತೂರು ಸೀಮೆಯ ತೋತಾಪುರಿ, ಯಾವುದೇ ಇರಲಿ, ಬಲಿತ ಕಾಯಿಯನ್ನು ಮಾಗಿಸುವ ಕೋಣೆಯಲ್ಲಿ ನಾಲ್ಕಾರು ದಿನ ಇಡಬೇಕು. ಹಣ್ಣಾದ ಮೇಲೆ ತೊಳೆದು, ತೊಟ್ಟಿನ ಭಾಗ ಕತ್ತರಿಸಿ ಸೊನೆ ತೆಗೆದು, ಯಂತ್ರದಲ್ಲಿ ಗೊರಟು-ಸಿಪ್ಪೆ ಬೇರೆ ಮಾಡಿ, ತಿರುಳನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಾಯಿಸುತ್ತಾರೆ. ಆ ತಿರುಳನ್ನು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಬಿಸಿ ಇರುವಾಗಲೇ ಡಬ್ಬಕ್ಕೆ ತುಂಬಿ, ಮುಚ್ಚಳ ಮಡಿಸಿ, ಕುದಿಯುವ ನೀರಲ್ಲಿ ಬೇಯಿಸಿ ತಣಿಸುತ್ತಾರೆ. ಮಾವು ಹುಳಿ ಪದಾರ್ಥ. ಹುಳಿಯ ಅಳತೆಯಾದ ಪಿಎಚ್ 4ರ ಸುತ್ತ ಇರುತ್ತದೆ, ಈ ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. 4.6ಕ್ಕಿಂತ ಕೆಳಗೆ ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಣ ಮೊಳೆಯುವುದಿಲ್ಲವಾದ್ದರಿಂದ ಪ್ರೆಶರ್ ಕುಕ್ಕರಿನ ಶಾಖ ಬೇಡ. ಲೇಬಲ್ಲಿನಲ್ಲಿ ಕಾಣುವ ಸಿಟ್ರಿಕ್ ಆಮ್ಲ, ಅಂದರೆ ಐಎನ್ಎಸ್ (ಆಹಾರಕ್ಕೆ ಬೆರೆಸುವ ಪದಾರ್ಥಗಳ ಸಂಕೇತ ಸಂಖ್ಯೆ) 330, ಈ ಹುಳಿಯನ್ನು ಖಾತ್ರಿ ಮಾಡುವುದಕ್ಕೆ. ಅದನ್ನು ನೋಡಿ ಹೆದರಬೇಕಿಲ್ಲ.

ರುಚಿ ಸೋರುವ ಮೊದಲ ಜಾಗ ಮಾಗಿಸುವ ಕೋಣೆ. ಕಾರ್ಬೈಡ್ ನಿಷೇಧವಾಗಿದೆ, ಎಥಿಲೀನ್ ಅನಿಲವನ್ನು 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷಕ್ಕೆ ನೂರು ಪಾಲಿನವರೆಗೆ, ಬಳಸಬಹುದು. ಆದರೆ ಕಾಯಿ ಬಲಿಯುವ ಮೊದಲೇ ಕಿತ್ತಿದ್ದರೆ ಯಾವ ಅನಿಲವೂ ಅದನ್ನು ಹಣ್ಣು ಮಾಡಲಾರದು. ಹೊರಗೆ ಸಿಪ್ಪೆ ಹಳದಿ, ಒಳಗೆ ಗೊರಟಿನ ಸುತ್ತ ಬಿಳಿ. ಆ ಬಿಳಿಯಲ್ಲಿರುವುದು ಸಕ್ಕರೆಯಾಗದೆ ಉಳಿದ ಪಿಷ್ಟ. ಜರಡಿಗೆ ಅದು ಗೊತ್ತಾಗುವುದಿಲ್ಲ, ಎಲ್ಲವನ್ನೂ ಒಂದೇ ತಿರುಳು ಮಾಡಿಬಿಡುತ್ತದೆ.

ಎರಡನೆಯದು, ಸಿಪ್ಪೆ-ಗೊರಟನ್ನು ಎರಡನೇ ಸಲ ಹಿಂಡುವುದು. ಅಂಟಿಕೊಂಡ ತಿರುಳು ಬಿಡಲಿ ಅಂತ ನೀರು ಹಾಕಿ ಮತ್ತೆ ಯಂತ್ರಕ್ಕೆ ಕೊಟ್ಟರೆ ಇನ್ನಷ್ಟು ರಸ ಬರುತ್ತದೆ, ಜೊತೆಗೆ ಸಿಪ್ಪೆಯ ಒಗರೂ ಸೊನೆಯ ಘಾಟೂ ಬರುತ್ತವೆ. ಇದನ್ನು ಮೊದಲ ತಿರುಳಿಗೆ ಸೇರಿಸಿದಾಗ ಬ್ರಿಕ್ಸ್ ಇಳಿಯುತ್ತದೆ. ಬ್ರಿಕ್ಸ್ ಅಂದರೆ ನೂರು ಗ್ರಾಂ ರಸದಲ್ಲಿ ಕರಗಿದ ಘನಾಂಶ ಎಷ್ಟು ಗ್ರಾಂ ಅನ್ನುವ ಲೆಕ್ಕ, ಮಾವಿನಲ್ಲಿ ಅದು ಬಹುಪಾಲು ಸಕ್ಕರೆ. ವ್ಯಾಪಾರದಲ್ಲಿ ಆಪೂಸು ತಿರುಳಿಗೆ ಸಾಮಾನ್ಯವಾಗಿ ಕನಿಷ್ಠ 16, ತೋತಾಪುರಿಗೆ 14 ಬ್ರಿಕ್ಸ್ ಕೇಳುತ್ತಾರೆ. ನೀರು ಸೇರಿ 12ಕ್ಕೆ ಇಳಿದ ಒಂದು ಕಿಲೋ ತಿರುಳನ್ನು 16ಕ್ಕೆ ಏರಿಸಲು ಎಷ್ಟು ಸಕ್ಕರೆ ಬೇಕು? 48 ಗ್ರಾಂ ಸಾಕು. ಮೀಟರು ಪಾಸು ಅನ್ನುತ್ತದೆ, ನಾಲಿಗೆ ಫೇಲು ಅನ್ನುತ್ತದೆ. ಬ್ರಿಕ್ಸ್ ಒಂದನ್ನೇ ನಂಬುವ ಖರೀದಿದಾರರು ಮೋಸ ಹೋಗುವುದು ಇಲ್ಲೇ.

ಇನ್ನೊಂದು ಸಂಗತಿ ಗ್ರಾಹಕರಿಗೆ ಗೊತ್ತಿರುವುದು ಕಡಿಮೆ. ಸೀಸನ್ನಿನಲ್ಲಿ ತೆಗೆದ ತಿರುಳನ್ನು 200 ಕಿಲೋಗೂ ಮೀರಿದ ಡ್ರಮ್ಮುಗಳಲ್ಲಿ, ಕ್ರಿಮಿಶುದ್ಧ ಚೀಲದೊಳಗೆ ತುಂಬಿಟ್ಟು, ಬೇಕಾದಾಗ ತೆರೆದು ಡಬ್ಬಕ್ಕೆ ಹಾಕುವುದುಂಟು. ತಪ್ಪೇನಿಲ್ಲ, ಆದರೆ ಅದು ಎರಡನೇ ಸಲ ಕಾಯುತ್ತದೆ. ಮಾವಿನ ಪರಿಮಳ ಹಗುರ, ಹಾರಿಹೋಗುವ ಜಾತಿಯದು. ಮೊದಲ ಕಾಯಿಸುವಿಕೆಯಲ್ಲಿ ಅರೆಬರೆ ಉಳಿದದ್ದು ಎರಡನೆಯದರಲ್ಲಿ ಹೊರಟುಹೋಗಿ, ಬೆಲ್ಲದ ಪಾಕದಂಥ ವಾಸನೆ ಕೂರುತ್ತದೆ. ಇದನ್ನು ಕಂಡುಹಿಡಿಯಲು ಡಬ್ಬ ತೆರೆಯುವುದೂ ಬೇಡ. ತಯಾರಿಕೆಯ ದಿನಾಂಕ ನೋಡಿ. ಆಪೂಸಿನ ಕಾಲ ಏಪ್ರಿಲ್-ಮೇ, ತೋತಾಪುರಿಯದು ಜೂನ್-ಜುಲೈ. ಡಬ್ಬದ ಮೇಲೆ ನವೆಂಬರ್ ಅಂತಿದ್ದರೆ ಅದು ಮರದಿಂದ ಬಂದದ್ದಲ್ಲ, ಡ್ರಮ್ಮಿನಿಂದ ಬಂದದ್ದು ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು.

ತಣಿಸುವುದರಲ್ಲಿ ಅವಸರ ಮಾಡಿದರೂ ಅದೇ ಗತಿ. ಬೆಂದ ಡಬ್ಬವನ್ನು 40 ಡಿಗ್ರಿ ಸುಮಾರಿಗೆ ಇಳಿಸಬೇಕು. ಮೈಮೇಲಿನ ನೀರು ತಾನಾಗಿ ಆರುವಷ್ಟು ಬೆಚ್ಚಗಿದ್ದರೆ ಸಾಕು. ಅದಕ್ಕಿಂತ ಬಿಸಿ ಇರುವಾಗ ಪೆಟ್ಟಿಗೆ ಕಟ್ಟಿ ಗೋದಾಮಿನಲ್ಲಿ ಒಟ್ಟಿದರೆ ರಾಶಿಯ ನಡುವಿನ ಡಬ್ಬಗಳು ದಿನಗಟ್ಟಲೆ ಬಿಸಿಯಾಗೇ ಇದ್ದು ಒಳಗೇ ಕಂದುತ್ತವೆ. ಒಂದೇ ಪೆಟ್ಟಿಗೆಯಲ್ಲಿ ಒಂದು ಡಬ್ಬ ಹೊಂಬಣ್ಣ, ಇನ್ನೊಂದು ಕಂದು ಇದ್ದರೆ ಈ ಅನುಮಾನ ಪಡಬಹುದು.

ಮನೆಯಲ್ಲಿ ಪರೀಕ್ಷೆ ಮಾಡುವುದು ಕಷ್ಟವಲ್ಲ. ಮೊದಲು ಲೇಬಲ್ಲಿನ ಹಿಂಬದಿ ಓದಿ. ಮುಂದೆ ದೊಡ್ಡ ಅಕ್ಷರದಲ್ಲಿ ಆಪೂಸು ಅಂತಿದ್ದು ಹಿಂದೆ ಪದಾರ್ಥಗಳ ಪಟ್ಟಿಯಲ್ಲಿ ಬರೀ ‘ಮಾವಿನ ತಿರುಳು’ ಅಂತಿದ್ದರೆ ತೋತಾಪುರಿ ಬೆರೆತಿರಬಹುದು. ಪಟ್ಟಿಯಲ್ಲಿ ಪದಾರ್ಥಗಳು ತೂಕದ ಇಳಿಕೆಯ ಕ್ರಮದಲ್ಲಿರಬೇಕು. ಚಿತ್ರದಲ್ಲೋ ಹೆಸರಿನಲ್ಲೋ ಎತ್ತಿ ಹೇಳಿದ ಪದಾರ್ಥ ಶೇಕಡಾ ಎಷ್ಟಿದೆ ಅಂತಲೂ ಹಾಕಬೇಕು. ಆ ಸಂಖ್ಯೆ ಎಷ್ಟೋ ಸಲ ಮಡಿಕೆಯ ಕೆಳಗೆ, ಇರುವೆ ಗಾತ್ರದಲ್ಲಿ ಇರುತ್ತದೆ. ಆದರೂ ಹುಡುಕಿ.

ಆಮೇಲೆ ಒಂದು ದೊಡ್ಡ ಚಮಚ ರಸವನ್ನು ಚಪ್ಪಟೆ ಸ್ಟೀಲ್ ತಟ್ಟೆಯ ನಡುವೆ ಹಾಕಿ ಐದು ನಿಮಿಷ ಬಿಡಿ. ಗುಪ್ಪೆಯ ಸುತ್ತ ನೀರಿನ ಉಂಗುರ ಬೆರಳಗಲ ಹರಡಿದರೆ ನೀರು ಸೇರಿದೆ ಅನ್ನಬಹುದು. ಉಂಗುರವೇ ಇಲ್ಲ, ಗುಪ್ಪೆ ಗಂಜಿಯ ಹಾಗೆ ನಿಂತಿದೆ ಅಂದರೆ ಕೂಡಲೇ ಖುಷಿಪಡಬೇಡಿ, ಪಿಷ್ಟದ ಪರೀಕ್ಷೆ ಮಾಡಿ. ಒಂದು ಚಮಚ ರಸಕ್ಕೆ ಮೂರು ಚಮಚ ನೀರು ಹಾಕಿ ಕುದಿಸಿ, ಪೂರ್ತಿ ತಣಿದ ಮೇಲೆ ಟಿಂಚರ್ ಅಯೋಡಿನ್ ಬಿಡಿ. ಬಿಸಿಯಲ್ಲಿ ಬಿಟ್ಟರೆ ಪಿಷ್ಟ ಇದ್ದರೂ ನೀಲಿ ಕಾಣುವುದಿಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ. ಮಾವಿನಲ್ಲಿರುವ ವಿಟಮಿನ್ ಸಿ ಮೊದಲ ಹನಿಯ ಬಣ್ಣವನ್ನು ನುಂಗಿಬಿಡುತ್ತದೆ, ಆದ್ದರಿಂದ ಕಂದು ಬಣ್ಣ ನಿಲ್ಲುವವರೆಗೆ ಒಂದೊಂದೇ ಹನಿ ಹಾಕುತ್ತ ಹೋಗಬೇಕು. ಕೊನೆಗೆ ಕಡುನೀಲಿಗೆ ತಿರುಗಿತೋ, ಕಾಯಿ ಮಾಗಿರಲಿಲ್ಲ ಅಥವಾ ಪಿಷ್ಟ ಬೆರೆಸಿದ್ದಾರೆ. ಎರಡರಲ್ಲಿ ಯಾವುದೇ ಆದರೂ ನೀವು ದುಡ್ಡು ಕೊಟ್ಟದ್ದು ಅದಕ್ಕಲ್ಲ. ಪರೀಕ್ಷೆಗೆ ಬಳಸಿದ್ದನ್ನು ಚೆಲ್ಲಿಬಿಡಿ, ಬಾಯಿಗೆ ಹಾಕಬೇಡಿ.

ಬಣ್ಣದ ಪರೀಕ್ಷೆ ಇನ್ನೂ ಸಲೀಸು. ಮಾವಿನ ಸಹಜ ಹಳದಿ ನೀರಲ್ಲಿ ಕರಗುವುದಿಲ್ಲ, ತಿರುಳಿನ ಕಣಕ್ಕೇ ಅಂಟಿಕೊಂಡಿರುತ್ತದೆ. ಡಬ್ಬಗಳಲ್ಲಿ ಬಳಸುವ ಟಾರ್ಟ್ರಜಿನ್ (102), ಸನ್‌ಸೆಟ್ ಯೆಲ್ಲೋ (110) ಥರದ ಕೃತಕ ಬಣ್ಣಗಳು ನೀರಲ್ಲಿ ಕರಗುತ್ತವೆ. ಒಂದು ಚಮಚ ರಸವನ್ನು ಒಂದು ಲೋಟ ನೀರಿನಲ್ಲಿ ಕದಡಿ, ಕಾಫಿ ಫಿಲ್ಟರ್ ಕಾಗದವನ್ನು ಎರಡು ಮಡಿಕೆ ಮಾಡಿ ಸೋಸಿ. ಇಳಿದ ನೀರು ಬಣ್ಣವಿಲ್ಲದೆ ಬರೀ ಮಬ್ಬಾಗಿದ್ದರೆ ಸರಿ. ಜಾತ್ರೆಯ ಷರಬತ್ತಿನಂತೆ ಹಳದಿಯಾಗಿ ಮಿನುಗಿದರೆ ಲೇಬಲ್ಲಿನಲ್ಲಿ ಆ ಸಂಖ್ಯೆ ಇದೆಯೇ ನೋಡಿ.

ಬಟಾಣಿ ಡಬ್ಬದ ಕತೆ ಚಿಕ್ಕದು. ಅದರಲ್ಲಿರುವುದು ಎಷ್ಟೋ ಸಲ ಹಸಿ ಬಟಾಣಿಯೇ ಅಲ್ಲ, ಒಣ ಬಟಾಣಿಯನ್ನು ನೆನೆಸಿ ಬೇಯಿಸಿದ್ದು. ಹಿಟ್ಟುಹಿಟ್ಟು ರುಚಿ, ಒಡೆದ ಸಿಪ್ಪೆ, ಮಂದವಾದ ನೀರು ಅದರ ಗುರುತು. ಇದು ಕಾನೂನುಬದ್ಧ ಸರಕೇ. ಪಟ್ಟಿಯಲ್ಲಿ ‘ಒಣ ಬಟಾಣಿ’ ಅಂತ ಇರುತ್ತದೆ, ನಾವು ಓದಿರುವುದಿಲ್ಲ ಅಷ್ಟೇ. ಫ್ರೀಜರ್ ಬಟಾಣಿ ಸಿಗುವ ಊರಿನಲ್ಲಿ ಇದನ್ನು ಕೊಳ್ಳಲು ನನಗಂತೂ ಕಾರಣ ಕಾಣುವುದಿಲ್ಲ.

ರಸಗುಲ್ಲದ ಡಬ್ಬದಲ್ಲಿ ಮೋಸ ಪಾಕದ ತೂಕದಲ್ಲಿದೆ. ಸಕ್ಕರೆ ಪಾಕ ನೀರಿಗಿಂತ ಭಾರ, 50 ಬ್ರಿಕ್ಸ್ ಪಾಕ ಒಂದು ಲೀಟರಿಗೆ 1.23 ಕಿಲೋ ತೂಗುತ್ತದೆ. ‘ನಿವ್ವಳ ತೂಕ ಒಂದು ಕಿಲೋ’ ಅಂದಾಗ ಅದರಲ್ಲಿ ಪಾಕವೂ ಸೇರಿತು. ಎರಡು ರಸಗುಲ್ಲ ಕಡಿಮೆ ಹಾಕಿ ಆ ಜಾಗಕ್ಕೆ ಪಾಕ ಹೊಯ್ದರೆ ತಕ್ಕಡಿ ತುಟಿಪಿಟಿಕ್ ಅನ್ನುವುದಿಲ್ಲ. ನೋಡಬೇಕಾದದ್ದು ಸೋಸಿದ ತೂಕ. ಜರಡಿಯ ತೂಕ ಮೊದಲೇ ಹಿಡಿದಿಡಿ. ಡಬ್ಬವನ್ನು ಅದಕ್ಕೆ ಬಗ್ಗಿಸಿ, ಜರಡಿಯನ್ನು ತುಸು ಓರೆಯಾಗಿ ಹಿಡಿದು ಎರಡು ನಿಮಿಷ ಸೋರಲು ಬಿಟ್ಟು ತೂಗಿ. ಅಲುಗಾಡಿಸಬಾರದು, ಒತ್ತಬಾರದು. ಅನಾನಸ್, ಬಟಾಣಿ, ಉಪ್ಪುನೀರಿನ ಎಳೆ ಹಲಸು, ಎಲ್ಲಕ್ಕೂ ಇದೇ ಕ್ರಮ. ಎರಡು ಬ್ರ್ಯಾಂಡ್ ಹೋಲಿಸುವಾಗ ಬೆಲೆಯನ್ನು ಈ ತೂಕದಿಂದ ಭಾಗಿಸಿ. ಅಗ್ಗದ್ದು ದುಬಾರಿಯಾಗಿ ಹೊರಬೀಳುವುದು ಅಪರೂಪವಲ್ಲ. ರಸಗುಲ್ಲ ಬೆರಳಲ್ಲಿ ಒತ್ತಿದರೆ ಚಿಮ್ಮಿ ಎದ್ದೇಳಬೇಕು. ಒತ್ತಿದಲ್ಲೇ ಗುಳಿ ಉಳಿದರೆ ಅದಕ್ಕೂ ಅಯೋಡಿನ್ ಹನಿ ಹಾಕಿ ನೋಡಿ, ಛೇನಾದಲ್ಲಿ, ಅಂದರೆ ಒಡೆದ ಹಾಲಿನ ಗಟ್ಟಿಯಲ್ಲಿ, ಮೈದಾ ಎಷ್ಟಿದೆ ಅನ್ನುವುದರ ಸುಳಿವು ಸಿಗುತ್ತದೆ.

ಸಾಂಬಾರು, ಬಿಸಿಬೇಳೆಬಾತಿನ ಪೌಚುಗಳ ವಿಷಯ ಬೇರೆ. ಇವು ಡಬ್ಬದ ತಮ್ಮಂದಿರು. ಸೈನಿಕರ ಊಟಕ್ಕಾಗಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ (ಡಿಎಫ್‌ಆರ್‌ಎಲ್) ಬೆಳೆಸಿದ ರಿಟಾರ್ಟ್ ಪೌಚಿನ, ಅಂದರೆ ಮುಚ್ಚಿದ ಮೇಲೆ ಒತ್ತಡದ ಶಾಖದಲ್ಲಿ ಬೇಯಿಸುವ ಪೌಚಿನ, ತಂತ್ರ ಆಮೇಲೆ ಕಂಪನಿಗಳಿಗೂ ಸಿಕ್ಕಿತು. ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯುಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್. ಪೌಚು ತೆಳ್ಳಗಿರುವುದರಿಂದ ಶಾಖ ಬೇಗ ನಡುವಿಗೆ ಮುಟ್ಟುತ್ತದೆ, ದಪ್ಪ ಡಬ್ಬದಲ್ಲಿ ಆಗುವಂತೆ ಅಂಚು ಸೀಯುವುದಿಲ್ಲ. ಅಂದರೆ ಸರಿಯಾಗಿ ಮಾಡಿದರೆ ಪೌಚಿನ ಅಡುಗೆ ಡಬ್ಬದ್ದಕ್ಕಿಂತ ಚೆನ್ನಾಗಿಯೇ ಇರಬೇಕು. ಯಾಕಿಲ್ಲ?

ಸಾಂಬಾರಿನಲ್ಲಿ ಹುಣಸೆ ಇದೆ ಅಂತ ಅದನ್ನು ಹುಳಿ ಪದಾರ್ಥದ ಲೆಕ್ಕಕ್ಕೆ ಹಾಕುವಂತಿಲ್ಲ. ಬೇಳೆ, ತರಕಾರಿ ಹೋಳಿನ ಒಳಗೆ ಪಿಎಚ್ 4.6 ದಾಟಿರಬಹುದು. ಹಾಗಾಗಿ ಒತ್ತಡದಲ್ಲಿ ಬೇಯಿಸಲೇಬೇಕು, ಪೌಚಿನ ಅತಿ ತಂಪಾದ ಬಿಂದುವೂ ಕನಿಷ್ಠ 121 ಡಿಗ್ರಿಯಲ್ಲಿ ಮೂರು ನಿಮಿಷ ಇದ್ದದ್ದಕ್ಕೆ ಸಮನಾಗಿ. ಕಾರ್ಖಾನೆಗಳು ಭದ್ರತೆಗೆಂದು ಅದಕ್ಕಿಂತ ಹೆಚ್ಚೇ ಕೊಡುತ್ತವೆ, ಕೊಡಲಿ. ಆ ಶಾಖಕ್ಕೆ ಕೊತ್ತಂಬರಿ ಸೊಪ್ಪು ಒಣಹುಲ್ಲಾಗುತ್ತದೆ, ಇಂಗು ಸಾಸಿವೆಯ ಘಮ ಕುಗ್ಗುತ್ತದೆ, ತೆಂಗಿನಕಾಯಿ ಕಂದುತ್ತದೆ. ಇದು ಯಾರ ತಪ್ಪೂ ಅಲ್ಲ.

ತಪ್ಪಿರುವುದು ಬೇಳೆಯ ಲೆಕ್ಕದಲ್ಲಿ. ಮನೆಯಲ್ಲಿ 100 ಗ್ರಾಂ ತೊಗರಿಬೇಳೆಗೆ ತರಕಾರಿ ಸೇರಿ ಸುಮಾರು ಒಂದು ಲೀಟರ್ ಹುಳಿಯಾಗುತ್ತದೆ, ಅಂದರೆ ಬೇಳೆ ನೂರಕ್ಕೆ ಹತ್ತು. ಪೌಚಿನ ಹಿಂದೆ ಬೇಳೆಯ ಪಕ್ಕದ ಶೇಕಡಾವಾರು ಇದರ ಅರ್ಧಕ್ಕೆ ಇಳಿದಿದ್ದೂ ಸಾಂಬಾರು ಗಟ್ಟಿಯಾಗಿ ಕಂಡರೆ ಉಳಿದ ಗಟ್ಟಿತನ ಎಲ್ಲಿಂದ ಬಂತು ಅಂತ ಹುಡುಕಿ. ಮನೆಯಲ್ಲಿ ನಾವು ಕದಡಿ ಹಾಕುವ ಅಕ್ಕಿಹಿಟ್ಟು 121 ಡಿಗ್ರಿಯಲ್ಲಿ, ಹುಣಸೆಯ ಹುಳಿಯಲ್ಲಿ ಒಡೆದು ನೀರಾಗುತ್ತದೆ. ಮಾರ್ಪಡಿಸಿದ ಪಿಷ್ಟ (1422, 1442) ಒಡೆಯುವುದಿಲ್ಲ. ನೂರಕ್ಕೆ ಎರಡು ಗ್ರಾಂ ಹಾಕಿದರೂ ತಿಳಿಸಾರು ಗೊಜ್ಜಿನಂತೆ ಕಾಣುತ್ತದೆ. ವಿಷವಲ್ಲ, ಆದರೆ ರುಚಿಯೂ ಅಲ್ಲ. ನಾಲಿಗೆಗೆ ಒಂದು ಜಾರು ಪದರ ಹಚ್ಚಿ ಉಪ್ಪು-ಹುಳಿಯನ್ನೂ ಮಂಕು ಮಾಡುತ್ತದೆ. ಅದನ್ನು ಸರಿದೂಗಿಸಲು ಉಪ್ಪು, ಸಕ್ಕರೆ, 627, 631 ಸಂಖ್ಯೆಯ ರುಚಿವರ್ಧಕಗಳು ಬರುತ್ತವೆ. ಅಯೋಡಿನ್ ಇಲ್ಲಿ ನಡೆಯದು, ಬೇಳೆಯಲ್ಲೇ ಪಿಷ್ಟವಿದೆ. ಬದಲಿಗೆ ಪೌಚಿನದನ್ನು ಜರಡಿಯಲ್ಲಿ ಸುರಿದು, ಬಿಸಿನೀರು ಹಾಯಿಸಿ ಗೊಜ್ಜು ತೊಳೆದು, ಉಳಿದ ಹೋಳುಗಳನ್ನು ತೂಗಿ. ಲೇಬಲ್ಲಿನ ಚಿತ್ರದಲ್ಲಿರುವ ನುಗ್ಗೆಕಾಯಿಯನ್ನು ಎಣಿಸಿ ನೋಡುವುದೂ ಒಂದು ವಿನೋದ.

ಮನೆಗೆ ತಂದಾಗಿದೆ, ರುಚಿಯಿಲ್ಲ ಅಂದರೆ ಪೌಚನ್ನು ಬಿಸಿಮಾಡಿದ ಮೇಲೆ ಎರಡು ಚಮಚ ಬಿಸಿ ಬೇಳೆಕಟ್ಟು ಬೆರೆಸಿ, ಹೊಸದಾಗಿ ಇಂಗು-ಕರಿಬೇವಿನ ಒಗ್ಗರಣೆ ಕೊಡಿ. ಶಾಖ ಕದ್ದದ್ದು ಅರ್ಧ ವಾಪಸ್ ಬರುತ್ತದೆ. ಸಪ್ಪೆ ಮಾವಿನ ರಸಕ್ಕೆ ಸಕ್ಕರೆ ಹಾಕಬೇಡಿ. ನಾಲ್ಕು ಹನಿ ನಿಂಬೆರಸ, ಒಂದು ಚಿಟಿಕೆ ಉಪ್ಪು ಹಾಕಿದರೆ ಇರುವಷ್ಟು ಹಣ್ಣು ಎದ್ದು ಬರುತ್ತದೆ.

ಊದಿದ, ಮಡಿಕೆಯ ಅಂಚಿನಲ್ಲಿ ನೆಗ್ಗಿದ, ಜಿನುಗಿದ ಡಬ್ಬದ ವಿಷಯದಲ್ಲಿ ಮಾತ್ರ ಯಾವ ಪರೀಕ್ಷೆಯೂ ಬೇಡ. ರುಚಿ ನೋಡದೆ ಎಸೆಯಿರಿ, ಅಂಗಡಿಗೆ ವಾಪಸ್ ಕೊಡುವುದಾದರೆ ತೆರೆಯದೆ ಕೊಡಿ. ದೂರು ಕೊಡಲು ಬೇಕಾದ ಬ್ಯಾಚ್ ಸಂಖ್ಯೆ ಡಬ್ಬದ ಮುಚ್ಚಳ ಅಥವಾ ತಳದಲ್ಲಿ ಒತ್ತಿರುತ್ತದೆ, ಎಸೆಯುವ ಮುನ್ನ ಅದರ ಫೋಟೋ ತೆಗೆದಿಡಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐಗೆ ಕೊಡುವ ದೂರಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಅದೇ ಆಧಾರ.

ಒಳ್ಳೆಯ ಡಬ್ಬವೇ ಸಿಕ್ಕಿದರೂ ತೆರೆದ ಮೇಲೆ ರಸವನ್ನು ಅದರಲ್ಲೇ ಫ್ರಿಜ್ಜಿಗೆ ಇಡಬೇಡಿ. ಗಾಳಿ ಸೇರಿದ ಮೇಲೆ ಹುಳಿ ತವರವನ್ನು ಬೇಗ ಕರಗಿಸುತ್ತದೆ, ಲೋಹದ ರುಚಿ ಬರುವುದು ಅದರಿಂದ. ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಬಗ್ಗಿಸಿ ಮೂರು ದಿನದಲ್ಲಿ ಮುಗಿಸಿ. 850 ಗ್ರಾಂ ಒಂದೇ ಸಲಕ್ಕೆ ಹೆಚ್ಚಾಯಿತು ಅನ್ನುವವರು ಮಿಕ್ಕಿದ್ದನ್ನು ಐಸ್ ಟ್ರೇಗೆ ಹೊಯ್ದು ಫ್ರೀಜರಿಗೆ ಹಾಕಿ. ಸೀಕರಣೆಗೆ ಬೇಕಾದಷ್ಟೇ ಬಿಲ್ಲೆ ತೆಗೆದುಕೊಂಡರಾಯಿತು.