ಅಜ್ಜಿಯ ನೂಲು ಅಣ್ಣನ ದೋಣಿಗೇಕಿಲ್ಲ?

ಕಳೆದ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದಿಂದಾಗಿ ಯಾಂತ್ರೀಕೃತ ದೋಣಿಗಳು ಮಲ್ಪೆ ಬಂದರಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದ ದಿನಗಳಲ್ಲಿ, ನಾವು ತಯಾರಿಸುತ್ತಿದ್ದ ವಿಡಿಯೊ ಗೇಮೊಂದರ ಅರೆಬೆಂದ ಪ್ರತಿಯನ್ನು ಅಲ್ಲಿಯ ಒಂದು ಮನೆಯ ಜಗಲಿಯಲ್ಲಿ ನಾಲ್ವರು ಮಕ್ಕಳ ಕೈಗೆ ಕೊಟ್ಟು ಕುಳಿತಿದ್ದೆ. ಮಂಗಳೂರಿನ ನಮ್ಮ ಪುಟ್ಟ ತಂಡದಲ್ಲಿ ನನ್ನ ಕೆಲಸ ಕಥೆ ಬರೆಯುವುದು, ಮತ್ತು ಆ ಕಥೆ ಆಟದ ನಿಯಮಗಳೊಂದಿಗೆ ಜಗಳಕ್ಕೆ ನಿಲ್ಲದಂತೆ ನೋಡಿಕೊಳ್ಳುವುದು. ಆಟ ಸರಳವಾದದ್ದು. ಒಬ್ಬ ಹುಡುಗಿ ನಾಡದೋಣಿಯಲ್ಲಿ ಅಳಿವೆ ದಾಟಿ ಕಡಲಿಗಿಳಿದು ಮೀನು ಹಿಡಿದು ಮರಳಬೇಕು. ದೋಣಿ ಮಗುಚಿದರೆ ಆಟ ಅವಳನ್ನು ಮತ್ತೆ ದಡದಲ್ಲಿ ತಂದು ನಿಲ್ಲಿಸುತ್ತದೆ, ಹಿಡಿದ ಮೀನಷ್ಟೇ ನಷ್ಟ. ಇದಕ್ಕೊಂದು ಕಾರಣ ಬೇಡವೇ ಎಂದುಕೊಂಡು ನಾನು ಅಜ್ಜಿಯ ಬಾಯಲ್ಲಿ ಒಂದು ಮಾತು ಇಟ್ಟಿದ್ದೆ: “ಈ ನೂಲು ಕಟ್ಟಿದ ದೋಣಿಯನ್ನು ಕಡಲು ನುಂಗುವುದಿಲ್ಲ ಮಗಾ, ದಡಕ್ಕೇ ತಂದು ಬಿಡುತ್ತದೆ.” ಬರೆದ ದಿನ ನನಗೇ ಬಹಳ ಮೆಚ್ಚುಗೆಯಾದ ಸಾಲು ಅದು.

ಮೂರನೆಯ ಅಧ್ಯಾಯದಲ್ಲಿ ಹುಡುಗಿಯ ಅಣ್ಣನ ದೋಣಿ ಮುಳುಗುತ್ತದೆ, ಅಣ್ಣ ಮರಳುವುದಿಲ್ಲ. ಆ ದೃಶ್ಯದ ಸಂಗೀತಕ್ಕೆ, ಮಳೆಗೆ, ದಡದಲ್ಲಿ ನಿಂತವರ ಮೌನಕ್ಕೆ ನಾವು ಎರಡು ವಾರ ಕೊಟ್ಟಿದ್ದೆವು. ಮೀನುಗಾರರ ಮನೆಯ ಹುಡುಗನೊಬ್ಬ, ಹದಿಮೂರರ ಆಸುಪಾಸಿನವನು, ಫೋನನ್ನು ತೊಡೆಯ ಮೇಲಿಟ್ಟು ಕೇಳಿದ: “ಅಣ್ಣನ ದೋಣಿಗೆ ಅಜ್ಜಿ ನೂಲು ಕಟ್ಟಲಿಲ್ಲವಾ?” ಅವನ ಮುಖದಲ್ಲಿ ದುಃಖದ ಸುಳಿವೂ ಇರಲಿಲ್ಲ, ಅವನಿಗೆ ಅಜ್ಜಿಯ ಮೇಲೆ ಸಿಟ್ಟು ಬಂದಿತ್ತು.

ಕಥೆ ಒಂದು ಹೇಳಿ ಆಟದ ನಿಯಮ ಇನ್ನೊಂದನ್ನು ಮಾಡಿಸುವ ಈ ತೊಡಕಿಗೆ ನಮ್ಮ ವೃತ್ತಿಯಲ್ಲಿ ‘ಲುಡೋನರೇಟಿವ್ ಡಿಸೊನೆನ್ಸ್’ ಎಂಬ ಭಾರವಾದ ಹೆಸರಿದೆ. ಗೇಮ್ ವಿನ್ಯಾಸಕ ಕ್ಲಿಂಟ್ ಹಾಕಿಂಗ್ 2007ರಲ್ಲಿ ‘ಬಯೋಶಾಕ್’ ಎಂಬ ಆಟವನ್ನು ವಿಮರ್ಶಿಸುತ್ತ ಈ ಪದವನ್ನು ಬಳಕೆಗೆ ತಂದರು. ಆ ಆಟದ ನಿಯಮಗಳು ಸ್ವಾರ್ಥಿಯಾಗಿ ಬದುಕಲು ಆಟಗಾರನಿಗೆ ಅವಕಾಶ ಕೊಡುತ್ತವೆ, ಆದರೆ ಕಥೆ ಮಾತ್ರ ಅವನಿಗೆ ಆಯ್ಕೆಯನ್ನೇ ಕೊಡದೆ ಇನ್ನೊಬ್ಬನ ನೆರವಿಗೆ ದುಡಿಸುತ್ತದೆ ಎಂಬುದು ಅವರ ತಕರಾರಿನ ತಿರುಳು. ಅಂದಿನಿಂದ ಈ ಪದ ಎಷ್ಟು ಸವಕಲಾಯಿತೆಂದರೆ, 2016ರ ‘ಅನ್‌ಚಾರ್ಟೆಡ್ 4’ ಆಟದಲ್ಲಿ 1000 ಶತ್ರುಗಳನ್ನು ಕೊಂದವರಿಗೆ ಸಿಗುವ ಟ್ರೋಫಿಗೆ ಅದನ್ನೇ ಹೆಸರಾಗಿಟ್ಟು ತಯಾರಕರೇ ತಮ್ಮನ್ನು ತಾವು ಗೇಲಿ ಮಾಡಿಕೊಂಡರು. ನಗೆಮಾತಿನ ಹಾಸ್ಯಪ್ರಿಯ ನಾಯಕನೊಬ್ಬ ಸಾವಿರ ಜನರನ್ನು ಕೊಲ್ಲುವುದು ವಿಚಿತ್ರವೇ ಸರಿ, ಆದರೂ ಅದು ನನ್ನನ್ನು ಅಷ್ಟೇನೂ ಕಾಡುವುದಿಲ್ಲ. ಕಾಡುವುದು ಅಜ್ಜಿಯ ನೂಲಿನ ಜಾತಿಯ ತಪ್ಪು, ಅಂದರೆ ಕಥೆಯು ನಿಯಮಕ್ಕೆ ತಾನಾಗಿಯೇ ವಿವರಣೆ ಕೊಡಲು ಹೋಗಿ ಸಿಕ್ಕಿಬೀಳುವುದು.

ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಯಕ್ಷಗಾನದ ರಂಗಸ್ಥಳದಲ್ಲಿ ವೇಷಧಾರಿ ಎರಡು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆಗೆ ತಲುಪಿದಂತೆ. ಬಯಲಾಟದ ಮುಂದೆ ಚಾಪೆ ಹಾಸಿ ಕುಳಿತವರಲ್ಲಿ ಯಾರೂ ಅಷ್ಟು ಬೇಗ ಹೇಗೆ ಬಂದೆ ಎಂದು ಕೇಳುವುದಿಲ್ಲ, ಏಕೆಂದರೆ ಅದು ಆಟದ ಕಟ್ಟಳೆ. ಆದರೆ ಅದೇ ವೇಷಧಾರಿ ಅರ್ಥ ಹೇಳುವಾಗ “ನನ್ನ ರಥಕ್ಕೆ ಎಷ್ಟು ದೂರವಾದರೂ ಎರಡೇ ಸುತ್ತು” ಎಂದು ಸೇರಿಸಿದನೆಂದುಕೊಳ್ಳಿ. ಆ ಕ್ಷಣದಿಂದ ಅದು ಆ ಲೋಕದ ಸತ್ಯವಾಗುತ್ತದೆ, ಮುಂದಿನ ಸನ್ನಿವೇಶದಲ್ಲಿ ಅವನು ಯುದ್ಧಕ್ಕೆ ತಡವಾಗಿ ಬಂದರೆ ಪ್ರೇಕ್ಷಕ ಕಾರಣ ಕೇಳುತ್ತಾನೆ, ಕೇಳುವ ಹಕ್ಕೂ ಅವನಿಗಿದೆ. ಪದ್ಯದಲ್ಲಿಲ್ಲದ್ದನ್ನು ಅರ್ಥಕ್ಕೆ ಎಳೆದು ತಂದವನೇ ಅದರ ಹೊಣೆ ಹೊರಬೇಕು.

ಹೀಗೆ ಹೊಣೆ ಹೊರದೆ ಹೋದ ಆಟಗಳಲ್ಲಿ ನನಗೆ ಮೊದಲು ನೆನಪಾಗುವುದು 2012ರ ‘ಬಾರ್ಡರ್‌ಲ್ಯಾಂಡ್ಸ್ 2’. (ಹಳೆಯ ಆಟಗಳ ಗುಟ್ಟುಗಳನ್ನು ಇಲ್ಲಿ ಒಡೆಯುತ್ತಿದ್ದೇನೆ, ಹತ್ತು ವರ್ಷ ದಾಟಿದ ಗುಟ್ಟಿಗೆ ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ.) ಆ ಆಟದಲ್ಲಿ ಸತ್ತ ಆಟಗಾರನನ್ನು ‘ನ್ಯೂ ಯೂ’ ಎಂಬ ಯಂತ್ರ ಮತ್ತೆ ನಿರ್ಮಿಸಿ ನಿಲ್ಲಿಸಿ, ಅವನಲ್ಲಿರುವ ಹಣದ ಒಂದು ಪಾಲನ್ನು ಶುಲ್ಕವಾಗಿ ವಸೂಲು ಮಾಡುತ್ತದೆ. ಆ ಯಂತ್ರ ‘ಹೈಪೀರಿಯನ್’ ಎಂಬ ಕಂಪನಿಯದು, ಮತ್ತು ಆ ಕಂಪನಿಯನ್ನು ಆಳುವವನು ನಿಮ್ಮನ್ನು ಕೊಲ್ಲಲು ಪಣ ತೊಟ್ಟಿರುವ ಖಳನಾಯಕ ಹ್ಯಾಂಡ್ಸಮ್ ಜ್ಯಾಕ್. ಅಂದರೆ ನಿಮ್ಮ ಪರಮ ವೈರಿಯೇ ಪ್ರತಿ ಸಲವೂ ದುಡ್ಡು ತೆಗೆದುಕೊಂಡು ನಿಮ್ಮನ್ನು ಬದುಕಿಸುತ್ತಿದ್ದಾನೆ. ಇನ್ನೂ ಮುಂದಕ್ಕೆ ಹೋಗಿ, ಬಂಡೆಯ ತುದಿಯಿಂದ ಹಾರಿದರೆ ಬಹುಮಾನ ಕೊಡುತ್ತೇನೆಂದು ಅವನು ಕರೆಯುವ ಕಿರುಸಾಹಸವೂ ಅದರಲ್ಲಿದೆ; ಹಾರಿ, ಸತ್ತು, ಅದೇ ಯಂತ್ರದಿಂದ ಎದ್ದುಬಂದು ಬಹುಮಾನ ಪಡೆಯಬಹುದು. ಹಾಸ್ಯವಾಗಿ ಇದು ಚೆನ್ನಾಗಿಯೇ ಇದೆ. ಆದರೆ ಮುಂದೆ ಜ್ಯಾಕ್ ನಿಮ್ಮ ಸಂಗಾತಿ ರೋಲೆಂಡನನ್ನು ಗುಂಡಿಟ್ಟು ಕೊಲ್ಲುತ್ತಾನೆ, ಅವನು ಮಾತ್ರ ಏಳುವುದಿಲ್ಲ, ಮತ್ತು ಆಟ ನಮ್ಮಿಂದ ಕಣ್ಣೀರನ್ನು ನಿರೀಕ್ಷಿಸುತ್ತದೆ. ಕೊನೆಗೆ ಕಥೆಯ ಲೆಕ್ಕದಲ್ಲಿ ಆ ಯಂತ್ರಗಳು ಇಲ್ಲವೆಂದೇ ತಿಳಿಯಬೇಕೆಂದು ಆಟದ ಮುಖ್ಯ ಬರಹಗಾರರೇ ಬಹಿರಂಗವಾಗಿ ಹೇಳಬೇಕಾಯಿತು. ಹೆಸರು, ಮಾಲೀಕ, ಶುಲ್ಕ, ಧ್ವನಿ ಎಲ್ಲವನ್ನೂ ಕೊಟ್ಟ ಮೇಲೆ ಇಲ್ಲವೆಂದು ತಿಳಿಯುವುದು ಹೇಗೆ?

ಇದರ ಪಕ್ಕದಲ್ಲಿ 1997ರ ‘ಫೈನಲ್ ಫ್ಯಾಂಟಸಿ 7’ ಅನ್ನು ಇಟ್ಟು ನೋಡಬೇಕು. ಅಲ್ಲಿಯೂ ಕಾಳಗದಲ್ಲಿ ಬಿದ್ದವರನ್ನು ಎಬ್ಬಿಸಲು ‘ಫೀನಿಕ್ಸ್ ಡೌನ್’ ಎಂಬ ಗರಿ ಇದೆ, ಅಲ್ಲಿಯೂ ಏರಿತ್ ಎಂಬ ನಾಯಕಿ ಕಥೆಯ ನಡುವೆ ಕೊಲೆಯಾಗಿ ಮರಳುವುದೇ ಇಲ್ಲ. ಒಂದು ಗರಿ ಬಳಸಬಾರದಿತ್ತೇ ಎಂದು ಇಂದಿಗೂ ಜನ ತಮಾಷೆ ಮಾಡುತ್ತಾರೆ, ಆದರೆ ತಮಾಷೆ ಮಾಡುವವರಲ್ಲೇ ಅನೇಕರು ಅವಳಿಗಾಗಿ ಮರುಗಿದವರು. ಗರಿ ಹೇಗೆ ಕೆಲಸ ಮಾಡುತ್ತದೆ, ಸಾವನ್ನು ಹಿಂದಿರುಗಿಸುತ್ತದೆಯೇ ಅಥವಾ ಮೂರ್ಛೆಯಿಂದ ಎಬ್ಬಿಸುತ್ತದೆಯೇ ಎಂಬುದನ್ನು ಕಥೆ ಮುಖ್ಯ ವಿಷಯವಾಗಿ ಎತ್ತಿಕೊಳ್ಳಲೇ ಇಲ್ಲ. ಅದು ರಂಗಸ್ಥಳದ ಎರಡು ಸುತ್ತಿನಂತೆ ಉಳಿದುಕೊಂಡಿತು. ಹಾಗಾಗಿ ತೊಡಕು ಎರಡು ಆಟಗಳಲ್ಲೂ ಒಂದೇ ಆದರೂ ನೋವು ಒಂದರಲ್ಲಿ ಮಾತ್ರ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ವಿವರಣೆ ಕೊಡಲೇಬಾರದೇ ಎಂದರೆ, ಕೊಡಬಹುದು, ಆದರೆ ಕೊಟ್ಟ ಮಾತನ್ನು ಕಥೆಯೊಳಗೇ ತೀರಿಸಬೇಕು. ಭೀಷ್ಮನಿಗೆ ಇಚ್ಛಾಮರಣವೆಂದು ಒಮ್ಮೆ ಹೇಳಿದ ಮೇಲೆ ವ್ಯಾಸರು ಅವನನ್ನು ಯಾವುದೋ ಬಾಣಕ್ಕೆ ಸುಮ್ಮನೆ ಸಾಯಿಸಲಿಲ್ಲ. ಶಿಖಂಡಿ ಬರಬೇಕಾಯಿತು, ಭೀಷ್ಮ ತಾನೇ ಬಿಲ್ಲು ಕೆಳಗಿಡಬೇಕಾಯಿತು, ಆ ಬಳಿಕವೂ ಶರಶಯ್ಯೆಯ ಮೇಲೆ ಉತ್ತರಾಯಣದವರೆಗೆ ಕಾಯಬೇಕಾಯಿತು. ಕರ್ಣನ ಕವಚವೂ ಹಾಗೆಯೇ, ಮೊದಲು ಇಂದ್ರ ಬಂದು ಬೇಡಿ ಪಡೆದ ಮೇಲೆಯೇ ಅವನ ಸಾವಿಗೆ ದಾರಿ. ಗೇಮುಗಳಲ್ಲಿ ಇಂಥ ಪ್ರಾಮಾಣಿಕತೆಗೆ ಉದಾಹರಣೆ ಬೇಕಿದ್ದರೆ 2020ರ ‘ಹೇಡೀಸ್’ ಇದೆ. ಪಾತಾಳದಿಂದ ಪಾರಾಗಲು ಹೊರಟ ಜಾಗ್ರಿಯಸ್ ಸತ್ತಾಗಲೆಲ್ಲ ತಂದೆಯ ಅರಮನೆಗೇ ಮರಳುತ್ತಾನೆ, ಅಲ್ಲಿರುವವರು ಈ ಸಲ ಯಾರ ಕೈಯಲ್ಲಿ ಸತ್ತೆ ಎಂದು ಅವನನ್ನು ಛೇಡಿಸುತ್ತಾರೆ, ಮತ್ತು ಕಥೆ ಮುಂದುವರಿಯುವುದೇ ಆ ಸೋಲುಗಳ ನಡುವಿನ ಮಾತುಕತೆಯಲ್ಲಿ.

ಮಾತು ತೀರಿಸದೆ ಪೇಚಿಗೆ ಸಿಕ್ಕಿದ್ದಕ್ಕೆ 2008ರ ‘ಫಾಲ್‌ಔಟ್ 3’ರ ಅಂತ್ಯವನ್ನು ನಾನು ಹೊಸಬರಿಗೆ ಪಾಠದಂತೆ ತೋರಿಸುತ್ತೇನೆ. ನೀರು ಶುದ್ಧೀಕರಿಸುವ ಯಂತ್ರವನ್ನು ಚಾಲೂ ಮಾಡಲು ಯಾರಾದರೂ ಮಾರಕ ವಿಕಿರಣದ ಕೋಣೆಗೆ ಹೋಗಲೇಬೇಕು, ಹೋದವರು ಸಾಯುತ್ತಾರೆ. ಆಟಗಾರನ ಜೊತೆ ಆಗ ಫಾಕ್ಸ್ ಎಂಬ ಸಂಗಾತಿ ಇರಬಹುದು; ವಿಕಿರಣ ಅವನಿಗೆ ಏನೂ ಮಾಡದು, ಮಾತ್ರವಲ್ಲ, ಅದಕ್ಕೆ ಸ್ವಲ್ಪ ಮೊದಲು ಅಂಥದೇ ವಿಕಿರಣದ ಕೋಣೆಯಿಂದ ವಸ್ತುವೊಂದನ್ನು ತಂದುಕೊಟ್ಟವನೂ ಅವನೇ. ಈಗ ಹೋಗು ಎಂದರೆ, ಇದು ನಿನ್ನ ವಿಧಿ, ಅದನ್ನು ನಾನು ಕಸಿಯಲಾರೆ ಎಂಬ ಅರ್ಥದ ಮಾತಾಡಿ ಜಾರಿಕೊಳ್ಳುತ್ತಾನೆ. ಆಟಗಾರರು ಸಿಟ್ಟಾದರು. 2009ರಲ್ಲಿ ಬಂದ ‘ಬ್ರೋಕನ್ ಸ್ಟೀಲ್’ ಎಂಬ ವಿಸ್ತರಣೆಯಲ್ಲಿ ಅವನನ್ನೇ ಒಳಗೆ ಕಳುಹಿಸುವ ಅವಕಾಶ ಸೇರಿಸಲಾಯಿತು.

ಅಂಕಿಗಳೂ ಕಥೆಯನ್ನು ಸುಳ್ಳಾಗಿಸಬಲ್ಲವು. ‘ಬಯೋಶಾಕ್’ನಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ಕೊಂದರೆ 160 ‘ಆಡಮ್’ (ಆಟಗಾರ ಹೊಸ ಶಕ್ತಿಗಳನ್ನು ಕೊಳ್ಳಲು ಬಳಸುವ ದ್ರವ್ಯ) ಸಿಗುತ್ತದೆ, ಉಳಿಸಿದರೆ 80. ಕಥೆಯ ಪ್ರಕಾರ ಇದು ಆತ್ಮಸಾಕ್ಷಿಗಾಗಿ ಮಾಡುವ ದೊಡ್ಡ ತ್ಯಾಗ. ಆದರೆ ಮೂವರನ್ನು ಉಳಿಸಿದಾಗಲೆಲ್ಲ 200ರ ಉಡುಗೊರೆ ಸಿಗುವುದರಿಂದ 480ರ ಎದುರು 440 ಆಗುತ್ತದೆ, ಅದರ ಮೇಲೆ ಬೇರೆ ಕೊಡುಗೆಗಳೂ ಇವೆ. ಇಷ್ಟು ಅಗ್ಗವಾದದ್ದನ್ನು ತ್ಯಾಗವೆನ್ನಲಾಗದು. ನಮ್ಮ ಆಟದಲ್ಲಿ ಇದರ ತಿರುವುಮುರುವು ನಡೆದಿತ್ತು: ತೂಫಾನಿನಲ್ಲಿ ಕಡಲಿಗೆ ಇಳಿಯಬೇಡ ಎಂದು ಅಪ್ಪ ಅಂಗಲಾಚುತ್ತಾನೆ, ಆದರೆ ಪಂದ್ಯ ರಂಗೇರಲಿ ಎಂದು ಸಹೋದ್ಯೋಗಿಯೊಬ್ಬರು ತೂಫಾನಿನಲ್ಲಿ ಬಂಗುಡೆಯ ಲೆಕ್ಕವನ್ನು ಇಮ್ಮಡಿ ಮಾಡಿದ್ದರು. ನಾಲ್ವರು ಮಕ್ಕಳೂ ಮೋಡ ಕಂಡ ಕೂಡಲೇ ಸಂಭ್ರಮದಿಂದ ದೋಣಿ ನೂಕಿದರು. ಅಪ್ಪನ ಮಾತನ್ನು ಒಬ್ಬನೂ ಪೂರ್ತಿ ಓದಲಿಲ್ಲ. ಆ ಸಂಖ್ಯೆಯನ್ನು ಅದೇ ರಾತ್ರಿ ಇಳಿಸಿದೆವು.

ಅಜ್ಜಿಯ ಸಾಲಿನ ವಿಷಯದಲ್ಲಿ ತಂಡದೊಳಗೆ ವಾದವೇ ನಡೆಯಿತು. ಅಣ್ಣ ನೂಲನ್ನು ತಂಗಿಗೆ ಬಿಚ್ಚಿಕೊಟ್ಟ ಎಂದು ಹೊಸ ದೃಶ್ಯ ಬರೆಯೋಣವೆಂದರು ಕೆಲವರು. ಕವಚದ ದಾರಿ ಅದು, ಕೆಟ್ಟದ್ದೇನಲ್ಲ. ಆದರೆ ಹಾಗೆ ಮಾಡಿದರೆ ತಂಗಿ ಆ ನೂಲನ್ನು ಮರಳಿ ಕೊಡಬಹುದಿತ್ತಲ್ಲ, ಇಬ್ಬರೂ ಒಂದೇ ದೋಣಿಯಲ್ಲಿ ಹೋಗಬಹುದಿತ್ತಲ್ಲ ಎಂಬ ಪ್ರಶ್ನೆಗಳು ಸಾಲುಗಟ್ಟುತ್ತವೆ, ಪ್ರತಿಯೊಂದಕ್ಕೂ ನಾನು ಉತ್ತರ ಹೊಲಿಯುತ್ತ ಕೂರಬೇಕಾಗುತ್ತದೆ. ಕೊನೆಗೆ ಸಾಲನ್ನೇ ತೆಗೆದೆ. ಈಗ ದೋಣಿ ಮಗುಚಿದರೆ ಪರದೆ ಕಪ್ಪಾಗುತ್ತದೆ, ಹುಡುಗಿ ಒದ್ದೆ ಬಟ್ಟೆಯಲ್ಲಿ ದಡದಲ್ಲಿ ಎದ್ದು ಕೂರುತ್ತಾಳೆ, ಅಷ್ಟೆ.

ಮುಂದಿನ ತಿಂಗಳು ಅದೇ ಜಗಲಿಗೆ ಮತ್ತೆ ಹೋದೆ. ಹುಡುಗ ಏಳೆಂಟು ಸಲ ದೋಣಿ ಮಗುಚಿಸಿಕೊಂಡ. ಹೇಗೆ ಬದುಕಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಅಣ್ಣನ ದೃಶ್ಯ ಮುಗಿದ ಮೇಲೆ ಸ್ವಲ್ಪ ಹೊತ್ತು ಫೋನನ್ನು ಹಿಡಿದೇ ಇದ್ದ. ಆಮೇಲೆ, “ಅಣ್ಣನ ಬಲೆ ಸಿಕ್ಕಿತಾ?” ಎಂದ. ಬಲೆಯ ಬಗ್ಗೆ ನಾವು ಏನನ್ನೂ ಬರೆದಿರಲಿಲ್ಲ. ನಾಲ್ಕನೆಯ ಅಧ್ಯಾಯವನ್ನು ಈಗ ಅಲ್ಲಿಂದ ಆರಂಭಿಸುತ್ತಿದ್ದೇನೆ.